ಹಳೆಯ ಕಾರಿಗೆ ‘ಅಪ್‌ಗ್ರೇಡ್’ ಎಂಬ ಅಪಚಾರ



ಕಳೆದ ತಿಂಗಳು ಧಾರವಾಡದಲ್ಲಿ ಜರುಗಿದ ಗುರುವಂದನೆಯ ಸಮಾರಂಭಕ್ಕೆ ನನ್ನನ್ನು ಕರೆದೊಯ್ದು, ಶಾಲು ಹೊದಿಸಿ, ಫೇಡೆ ತಿನ್ನಿಸಿ, ಮರಳಿ ಮನೆಯ ಬಾಗಿಲಿಗೆ ತಂದುಬಿಟ್ಟ ಹಳೆಯ ವಿದ್ಯಾರ್ಥಿಗಳ ಪ್ರೀತಿಯನ್ನು ನಾನು ಮರೆಯಲಾರೆ. ಆದರೆ ಅಂದು ಸಭಾಭವನದ ಹೊರಗೆ ನಡೆದ ಒಂದು ಸಂಗತಿಯ ಕುರಿತು ಬಾಯಿ ಮುಚ್ಚಿಕೊಂಡು ಬಂದದ್ದು ಇಂದಿಗೂ ಮನಸ್ಸನ್ನು ಕೊರೆಯುತ್ತಿದೆ. ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಸ್ವಂತ ಯಂತ್ರಭಾಗಗಳ ಘಟಕವನ್ನು ನಡೆಸುತ್ತಿರುವ ನನ್ನ ಶಿಷ್ಯನೊಬ್ಬ ತನ್ನ ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿಯನ್ನು ಅಲ್ಲಿಗೆ ತಂದಿದ್ದ. ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಕಾರು ಮುಗ್ಗರಿಸಿ ಬಿದ್ದ ಕುದುರೆಯಂತೆ ಮುಂಗಾಲೂರಿ ನೆಲಕ್ಕೆ ಅಂಟಿಕೊಂಡಿತ್ತು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ತೂರದು.

“ಸರ, ಸಸ್ಪೆನ್ಷನ್ ಪೂರಾ ಅಪ್‌ಗ್ರೇಡ್ ಮಾಡಿಸೇನ್ರಿ. ಗಾಡಿ ಈಗ ನೆಲಾ ಹಿಡಕೊಂಡ ಹೋಗತೈತ್ರಿ. ಹೆಂಗೈತಿ ಹೇಳ್ರಿ” ಎಂದ.

ಸುತ್ತ ನಿಂತವರೆಲ್ಲ ಭೇಷ್ ಎಂದರು. ಸಭೆಯ ಮರ್ಯಾದೆಗಾಗಿ ನಾನೂ ತಲೆಯಾಡಿಸಿದೆ. ಮೂವತ್ತಾರು ವರ್ಷ ವಿಜ್ಞಾನ ಬೋಧಿಸಿದ ಮೇಲೂ, ತಪ್ಪುತ್ತರಕ್ಕೆ ಸರಿ ಗುರುತು ಹಾಕಿ ಬಂದಂತಾಯಿತು. ಅದನ್ನು ಈಗ ತಿದ್ದುತ್ತೇನೆ. ಹೆಸರು ಹೇಳುವುದಿಲ್ಲ, ಅವನಿಗೆ ತಿಳಿಯುತ್ತದೆ. ಅವನೊಬ್ಬನೇ ಆಗಿದ್ದರೆ ಫೋನಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರುಗಳಲ್ಲಿ ಅಜ್ಜನ ಅಂಬಾಸಡರನ್ನೋ ಅಪ್ಪನ ಫಿಯೆಟ್ಟನ್ನೋ ಇದೇ ಗತಿಗೆ ತಂದವರು ನಿಮ್ಮಲ್ಲಿಯೇ ನಾಲ್ಕಾರು ಮಂದಿ ಇದ್ದೀರಿ ಎಂಬುದು ನನಗೆ ಗೊತ್ತು.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಈ ಅಪಚಾರವನ್ನು ನಾನೂ ಮಾಡಿದ್ದೇನೆ.

ನನ್ನ ಪದ್ಮಿನಿಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. 1994ರಲ್ಲಿ ವೈದ್ಯರೊಬ್ಬರಿಂದ ಎರಡನೆಯ ಕೈಯಲ್ಲಿ ಕೊಂಡದ್ದು; ಸ್ಟಿಯರಿಂಗಿನ ಪಕ್ಕದಲ್ಲಿ ಗೇರು, ಮುಂದೆ ಬೆಂಚಿನಂಥ ಸೀಟು, 1089 ಸಿ.ಸಿ. ಎಂಜಿನ್. ವಿಜ್ಞಾನ ಪ್ರದರ್ಶನಕ್ಕೆ ಐವರು ಹುಡುಗರನ್ನೂ ಅವರ ಥರ್ಮಾಕೋಲಿನ ಜ್ವಾಲಾಮುಖಿಯನ್ನೂ ಅದರಲ್ಲಿಯೇ ಸಾಗಿಸಿದ್ದುಂಟು. ನಾನು ನಿವೃತ್ತನಾದ ಮರುವರ್ಷ, ಎಂದರೆ 2019ರಲ್ಲಿ, ನನ್ನ ಸೋದರಳಿಯ ಅದನ್ನು ಓಡಿಸಿ ನೋಡಿ, “ಮಾಮಾ, ಇದು ತಿರುವಿನ್ಯಾಗ ದೋಣಿ ಹಂಗ ಅಲಗಾಡತದ. ಸಸ್ಪೆನ್ಷನ್ ಅಪ್‌ಗ್ರೇಡ್ ಮಾಡಸರಿ” ಎಂದ. ಅವನೇ ಒಂದು ಗ್ಯಾರೇಜಿಗೆ ಒಯ್ದ. ಅಲ್ಲಿ ಮುಂದಿನ ಸುರುಳಿ ಸ್ಪ್ರಿಂಗುಗಳನ್ನು ಗ್ಯಾಸ್ ಕಟ್ಟರಿನಿಂದ ಒಂದೂವರೆ ಸುತ್ತು ಕತ್ತರಿಸಿದರು. ಬೇರಾವುದೋ ಹೊಸ ಕಾರಿಗೆಂದು ತಯಾರಾದ ಪೆಡಸು ಶಾಕಪ್‌ಗಳನ್ನು ಹೇಗೋ ಹೊಂದಿಸಿ ಕೂರಿಸಿದರು. ಹದಿನಾಲ್ಕು ಇಂಚಿನ ಎತ್ತರದ ಟೈರುಗಳನ್ನು ತೆಗೆದು ಅಗಲವಾದ ಗಿಡ್ಡ ಟೈರುಗಳನ್ನು ತೊಡಿಸಿದರು. ಕಾರು ನಿಜಕ್ಕೂ ಅಲುಗಾಡುವುದನ್ನು ನಿಲ್ಲಿಸಿತು. ನನಗೆ ಸಂತೋಷವೇ ಆಯಿತು. ಮೊದಲ ದಿನವೇ ನನ್ನ ಪತ್ನಿ, “ಬೆನ್ನಾಗಿನ ಎಲಬು ಒಂದೊಂದ ಎಣಸೂಹಂಗ ಆಗೇದಲ್ರೀ” ಎಂದದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅದೇ ವರ್ಷ ಮಳೆಗಾಲದ ಆರಂಭದಲ್ಲಿ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಬಂಧುಗಳೊಬ್ಬರ ಹೊಸ ಶೆಡ್ಡಿನ ಪೂಜೆಗೆ ಹೊರಟಿದ್ದೆವು. ಬೇಲೂರು ಎಂದೊಡನೆ ಚೆನ್ನಕೇಶವನನ್ನೂ ಶಿಲಾಬಾಲಿಕೆಯರನ್ನೂ ನೆನೆಯುವ ಬೆಂಗಳೂರಿನ ಬಂಧುಗಳಿಗಾಗಿ ಹೇಳುತ್ತೇನೆ: ಇದು ಹಾಸನ ಜಿಲ್ಲೆಯ ಬೇಲೂರಲ್ಲ. ಧಾರವಾಡದಿಂದ ಬೆಳಗಾವಿಯತ್ತ ಹೋಗುವ ಹೆದ್ದಾರಿಯಲ್ಲಿ, ಹಿಂದೆ 4 ಎಂದು ಕರೆಯುತ್ತಿದ್ದ ಈಗಿನ 48ನೆಯ ಸಂಖ್ಯೆಯ ಹೆದ್ದಾರಿಯಲ್ಲಿ, ಮುಮ್ಮಿಗಟ್ಟಿಯ ಆಸುಪಾಸಿನಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಬೆಳೆಸಿದ ಪ್ರದೇಶವಿದು. ಟಾಟಾ ಮೋಟಾರ್ಸ್ ಕಾರ್ಖಾನೆ ಇರುವುದು ಇಲ್ಲಿಯೇ. ಬ್ರೆಜಿಲ್ಲಿನ ಮಾರ್ಕೊಪೋಲೊ ಸಂಸ್ಥೆಯೊಡನೆ ಟಾಟಾದವರು 2006ರಲ್ಲಿ ಮಾಡಿಕೊಂಡ ಪಾಲುದಾರಿಕೆಯಿಂದ ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯೂ ಧಾರವಾಡಕ್ಕೆ ಬಂತು. ಬ್ರೆಜಿಲ್ಲಿನವರು ಪಾಲು ಬಿಟ್ಟುಹೋದ ಮೇಲೂ ನಮ್ಮ ಜನರ ಬಾಯಲ್ಲಿ ಅದು ಮಾರ್ಕೊಪೋಲೊ. ಇಂಥ ಕಡೆ ಒಳರಸ್ತೆಗಳ ಮೇಲೆ ಭಾರ ಹೊತ್ತ ಟ್ರೇಲರುಗಳು ಹಗಲಿರುಳು ಹೊರಳುತ್ತವೆ. ಮಳೆ ಬಿದ್ದರೆ ಡಾಂಬರು ಅಲೆಯಲೆಯಾಗಿ ಏಳುತ್ತದೆ.

ಹಾಗೆ ಎದ್ದ ಒಂದು ತಿರುವಿನಲ್ಲಿ ಗಂಟೆಗೆ ನಲವತ್ತೈದು ಕಿ.ಮೀ. ವೇಗದಲ್ಲಿದ್ದೆ, ಹೆಚ್ಚಲ್ಲ. ಮುಂದಿನ ಎಡಚಕ್ರ ಒಂದು ಉಬ್ಬನ್ನು ಏರಿತು. ಢಮ್ ಎಂಬ ಶಬ್ದ. ಮರುಕ್ಷಣ ಕಾರು ನಾನು ತಿರುಗಿಸಿದ ಕಡೆಗೆ ಹೋಗದೆ ನೇರವಾಗಿ ಎದುರಿನ ಟ್ಯಾಂಕರಿನತ್ತ ಜಿಗಿಯಿತು. ಟ್ಯಾಂಕರಿನ ಚಾಲಕ ಪುಣ್ಯಾತ್ಮ ತನ್ನ ವಾಹನವನ್ನು ಕಚ್ಚಾ ದಾರಿಗಿಳಿಸಿದ. ನಮ್ಮ ನಡುವೆ ಒಂದು ಮೊಳ ಅಂತರ ಉಳಿದಿದ್ದೀತು. ಹಿಂದಿನ ಸೀಟಿನಲ್ಲಿದ್ದ ಆರು ವರ್ಷದ ಮೊಮ್ಮಗಳು ಮುಂದಿನ ಸೀಟಿಗೆ ಮುಖ ಬಡಿದು ತುಟಿ ಒಡೆದುಕೊಂಡಿತು. ಎರಡು ಹೊಲಿಗೆ ಬಿದ್ದವು. ನನ್ನ ಪತ್ನಿ ಇಳಿದು ನಿಂತು, “ಇನ್ನ ಈ ಗಾಡ್ಯಾಗ ನಾ ಕೂಡಂಗಿಲ್ಲ, ಬಸ್ಸಿಗೆ ಬರತೇನಿ” ಎಂದಳು. ಹಾಗೆಯೇ ಹೋದಳು ಕೂಡ.

ಅಂದು ರಾತ್ರಿ ನಿದ್ರೆ ಬರಲಿಲ್ಲ. ಎದ್ದು ಕುಳಿತು, ನಿಮಗೆಲ್ಲ ಕಲಿಸಿದ ಪಾಠವನ್ನೇ ನಾನು ಮತ್ತೆ ಕಾಗದದ ಮೇಲೆ ಮಾಡಿದೆ. ಪ್ರಯೋಗಾಲಯದಲ್ಲಿ ಸ್ಟ್ಯಾಂಡಿಗೆ ಸ್ಪ್ರಿಂಗು ತೂಗುಹಾಕಿ, ಐವತ್ತು ಗ್ರಾಂ, ನೂರು ಗ್ರಾಂ ಎಂದು ತೂಕ ಸೇರಿಸುತ್ತ ಅಳತೆಪಟ್ಟಿಯಲ್ಲಿ ಹಿಗ್ಗುವಿಕೆಯನ್ನು ಗುರುತಿಸಿದ್ದು ನೆನಪಿದೆಯೇ? ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ: ಹಿಗ್ಗುವಿಕೆಯು ಬಲಕ್ಕೆ ಅನುಪಾತದಲ್ಲಿರುತ್ತದೆ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆದರೆ ಅದೇ ಸ್ಪ್ರಿಂಗನ್ನು ಅರ್ಧಕ್ಕೆ ತುಂಡರಿಸಿದರೆ ಏನಾಗುತ್ತದೆ ಎಂದು ಒಮ್ಮೆ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದಿತ್ತು. ಎರಡು ಪಟ್ಟು ಪೆಡಸಾಗುತ್ತದೆ. ಸುತ್ತುಗಳು ಕಡಿಮೆಯಾದಷ್ಟೂ ಪ್ರತಿ ಸುತ್ತು ಹೆಚ್ಚು ತಿರುಚಿಕೊಳ್ಳಬೇಕಾಗುತ್ತದೆ.

ಎಂಟು ಸುತ್ತುಗಳು ಕೆಲಸ ಮಾಡುವ ಸ್ಪ್ರಿಂಗೊಂದರಿಂದ ಒಂದೂವರೆ ಸುತ್ತು ತೆಗೆದಿರೆಂದುಕೊಳ್ಳಿ. ಎಂಟನ್ನು ಆರೂವರೆಯಿಂದ ಭಾಗಿಸಿದರೆ 1.23. ಸ್ಪ್ರಿಂಗು ನೂರಕ್ಕೆ ಇಪ್ಪತ್ತಮೂರರಷ್ಟು ಪೆಡಸಾಯಿತು. ‘ಅದೇ ತಾನೇ ಬೇಕಾದದ್ದು’ ಎನ್ನುತ್ತೀರಿ. ತಾಳಿ. ಕಾರು ಕೆಳಗಿಳಿಯಿತಲ್ಲ? ಚಕ್ರ ಮೇಲೇರಿ ರಬ್ಬರಿನ ತಡೆಗೆ ಬಡಿಯುವ ಮೊದಲು ಎಂಟು ಸೆಂ.ಮೀ. ಅವಕಾಶವಿದ್ದದ್ದು ಈಗ ನಾಲ್ಕಕ್ಕೆ ಬಂತು ಎಂದು ಇಟ್ಟುಕೊಳ್ಳಿ. ಸ್ಪ್ರಿಂಗು ನುಂಗಿಕೊಳ್ಳಬಲ್ಲ ಆಘಾತದ ಶಕ್ತಿಯು ಪೆಡಸುತನಕ್ಕೆ ಅನುಪಾತದಲ್ಲಿಯೂ ಸಂಕೋಚದ ವರ್ಗಕ್ಕೆ ಅನುಪಾತದಲ್ಲಿಯೂ ಇರುತ್ತದೆ. ಅವಕಾಶ ಅರ್ಧವಾದರೆ ಅದರ ವರ್ಗ ಕಾಲು ಭಾಗ. 1.23ರ ಕಾಲು ಭಾಗವೆಂದರೆ 0.31. ರಸ್ತೆಯ ಪೆಟ್ಟನ್ನು ತಾಳಿಕೊಳ್ಳುವ ಶಕ್ತಿ ಮೊದಲಿನ ಮೂರರಲ್ಲಿ ಒಂದು ಪಾಲೂ ಉಳಿಯಲಿಲ್ಲ! ಇದಕ್ಕೆ ನಾವು ಇಟ್ಟ ಹೆಸರು ‘ಅಪ್‌ಗ್ರೇಡ್’.

ಆ ರಬ್ಬರಿಗೆ ಬಡಿದ ಕ್ಷಣದಲ್ಲಿ ಸ್ಪ್ರಿಂಗು ಎಂಬುದೇ ಇಲ್ಲ. ಚಕ್ರವೂ ಕಾರಿನ ಒಡಲೂ ಒಂದೇ ಗಡಸು ತುಂಡಾಗಿ ಪುಟಿಯುತ್ತವೆ. ಟೈರು ನೆಲ ಬಿಡುತ್ತದೆ. ನೆಲ ಬಿಟ್ಟ ಟೈರಿಗೆ ಸ್ಟಿಯರಿಂಗ್ ಏನು, ಬ್ರೇಕೇನು? ‘ಗಾಡಿ ನೆಲಾ ಹಿಡಕೊಂಡ ಹೋಗತೈತಿ’ ಎಂದನಲ್ಲ ನನ್ನ ಶಿಷ್ಯ, ನುಣುಪಾದ ಹೆದ್ದಾರಿಯ ಮೇಲೆ ಆ ಮಾತು ಸರಿಯಾದೀತು. ಆದರೆ ಅವನ ಘಟಕದ ಗೇಟಿನ ಮುಂದಿನ ರಸ್ತೆ ಅಂಥದ್ದಲ್ಲ.

ಇನ್ನೊಂದು ಅಂಶವುಂಟು. ಪದ್ಮಿನಿಯ ಮುಂಚಕ್ರಗಳನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತವೆ. ಚಕ್ರ ಮೇಲೆ ಕೆಳಗೆ ಆಡುವಾಗ ಆ ತೋಳುಗಳೂ ಸ್ಟಿಯರಿಂಗಿನ ಕಡ್ಡಿಯೂ ಹೆಚ್ಚು ಕಡಿಮೆ ಒಂದೇ ಕಂಸದಲ್ಲಿ ಚಲಿಸುವಂತೆ ಇಟಲಿಯ ಎಂಜಿನಿಯರುಗಳು ಒಂದು ನಿರ್ದಿಷ್ಟ ಎತ್ತರಕ್ಕೆ ಲೆಕ್ಕ ಹಾಕಿಟ್ಟಿದ್ದರು. ಆ ಎತ್ತರವನ್ನು ಬದಲಿಸಿದರೆ ಕಂಸಗಳು ಹೊಂದುವುದಿಲ್ಲ. ಉಬ್ಬು ಬಂದಾಗ ನೀವು ತಿರುಗಿಸದಿದ್ದರೂ ಚಕ್ರ ತಾನಾಗಿ ಅತ್ತಿತ್ತ ತಿರುಗುತ್ತದೆ. ಅಂದು ನನ್ನ ಕಾರನ್ನು ಟ್ಯಾಂಕರಿನತ್ತ ಎಳೆದೊಯ್ದದ್ದರಲ್ಲಿ ಇದರ ಪಾಲೂ ಇದ್ದಿರಬೇಕು. ಗ್ಯಾಸಿನ ಜ್ವಾಲೆಗೆ ಸ್ಪ್ರಿಂಗಿನ ಉಕ್ಕಿನ ಹದ ಕೆಡುತ್ತದೆ ಎಂಬುದನ್ನು, ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ ಎಂಬುದನ್ನು, ಕಬ್ಬಿಣದ ಕೆಲಸದವರಾದ ನಿಮಗೆ ನಾನು ಬೇರೆ ಹೇಳಬೇಕೇ?

ಹಳೆಯ ಕಾರುಗಳ ಸ್ಪ್ರಿಂಗು ಮೆತ್ತಗಿದ್ದದ್ದು ತಯಾರಕರ ಅಜ್ಞಾನದಿಂದಲ್ಲ. ನಿಂತ ಕಾರಿನ ಭಾರಕ್ಕೆ ಸ್ಪ್ರಿಂಗು ಹದಿನೈದು ಸೆಂ.ಮೀ. ಕುಗ್ಗಿದರೆ, ಆ ಕಾರು ಹದಿನೈದು ಸೆಂ.ಮೀ. ಉದ್ದದ ಸರಳ ಲೋಲಕದಷ್ಟೇ ನಿಧಾನವಾಗಿ, ನಿಮಿಷಕ್ಕೆ ಸುಮಾರು 77 ಸಲ, ಮೇಲೆ ಕೆಳಗೆ ಆಡುತ್ತದೆ. ಅದು ಮನುಷ್ಯ ಆರಾಮವಾಗಿ ನಡೆಯುವಾಗಿನ ಲಯಕ್ಕೆ ಹತ್ತಿರ. ಆದ್ದರಿಂದಲೇ ದೇಹಕ್ಕೆ ಹಿತ. ಬಾಲ್ಯದಲ್ಲಿ ನವಲಗುಂದದ ಕಡೆಯ ನಮ್ಮ ಊರಿನಿಂದ ಸವಾರಿ ಬಂಡಿಯಲ್ಲಿ ಹೊರಟರೆ ಅಪ್ಪ ಬಂಡಿಯೊಳಗೆ ಮೊಣಕಾಲೆತ್ತರ ಹುಲ್ಲು ತುಂಬಿ ಅದರ ಮೇಲೆ ಜಮಖಾನ ಹಾಸುತ್ತಿದ್ದರು. ಎರೆಭೂಮಿಯ ದಾರಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವಂಥದು. ಇಂದಿಗೂ ಆ ಭಾಗದ ಡಾಂಬರು ರಸ್ತೆಗಳನ್ನು ಅದೇ ಮಣ್ಣು ಆಳುತ್ತಿದೆ. ಹುಲ್ಲು ಎಷ್ಟು ದಪ್ಪವಿರಬೇಕೆಂದು ಅಪ್ಪನಿಗೆ ಗೊತ್ತಿತ್ತು. ಜಮಖಾನ ಚೆಂದ ಕಾಣಲೆಂದು ಹುಲ್ಲು ತೆಗೆದವರನ್ನು ನಾನು ಕಂಡಿಲ್ಲ.

ಇದೆಲ್ಲಕ್ಕಿಂತ ನನ್ನನ್ನು ಕೆರಳಿಸುವುದು ಬೇರೆ. ನನ್ನ ಕಾರು ದೋಣಿಯಂತೆ ಅಲುಗುತ್ತಿದ್ದದ್ದು ನಿಜ. ಏಕೆ ಅಲುಗುತ್ತಿತ್ತು? ಆ ಗ್ಯಾರೇಜಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ನನ್ನನ್ನೂ ಸೇರಿಸಿ! ರೋಗವೇನೆಂದು ನೋಡದೆ ಔಷಧ ಬರೆದಂತೆ. ಶಾಕಪ್‌ನ ಎಣ್ಣೆ ಸೋರಿ ಹೋಗಿದ್ದರೆ ಸ್ಪ್ರಿಂಗಿನ ಆಟಕ್ಕೆ ಕಡಿವಾಣವೇ ಇರುವುದಿಲ್ಲ. ರಬ್ಬರ್ ಬುಶ್ಶುಗಳು ಸತ್ತಿದ್ದರೆ, ಕಿಂಗ್ ಪಿನ್ ಸವೆದಿದ್ದರೆ ಚಕ್ರ ತನ್ನ ಇಚ್ಛೆಯಂತೆ ಓಲಾಡುತ್ತದೆ. ಸವೆದದ್ದನ್ನು ಹುಡುಕಲು ಕಾರಿನ ಕೆಳಗೆ ಮಲಗಿ ಕಬ್ಬಿಣದ ಸರಳಿನಿಂದ ಒಂದೊಂದೇ ಕೀಲನ್ನು ಮೀಟಿ ನೋಡಬೇಕು. ಕೈ ಮಸಿಯಾಗುತ್ತದೆ, ಹೊತ್ತು ಹಿಡಿಯುತ್ತದೆ, ಫೋಟೋದಲ್ಲಿ ಕಾಣುವುದಿಲ್ಲ. ಸ್ಪ್ರಿಂಗು ಕತ್ತರಿಸಲು ಐದು ನಿಮಿಷ ಸಾಕು. ಎಲ್ಲವನ್ನೂ ಬಿಗಿ ಮಾಡಿಬಿಟ್ಟರೆ ಸವೆತ ಮರೆಯಾಗುತ್ತದೆ. ಆದರೆ ಪೆಟ್ಟು ಮಾಯವಾಗುವುದಿಲ್ಲ, ಮುಂದಿನ ದುರ್ಬಲ ಭಾಗವನ್ನು ಹುಡುಕಿಕೊಂಡು ಹೋಗುತ್ತದೆ. ಪದ್ಮಿನಿಗೆ ಬೇರೆಯಾದ ಚಾಸಿ ಇಲ್ಲ. ತಗಡಿನ ಒಡಲೇ ಅದರ ಅಸ್ಥಿಪಂಜರ. ತುಕ್ಕು ಹಿಡಿದ ಆ ತಗಡಿಗೆ ಪೆಡಸು ಶಾಕಪ್ ದಿನವೂ ಗುದ್ದಿದರೆ ಅದು ಬಿರುಕು ಬಿಡದೆ ಇನ್ನೇನು ಮಾಡೀತು?

ಮೊಮ್ಮಗಳ ಹೊಲಿಗೆ ಬಿಚ್ಚಿದ ವಾರ ಕಾರನ್ನು ಬೇಲೂರು ಕೈಗಾರಿಕಾ ಪ್ರದೇಶದಲ್ಲಿಯೇ ಲಾರಿಗಳ ಪಾಟಾ ಕೆಲಸ ಮಾಡುವ ಹಿರಿಯರೊಬ್ಬರಲ್ಲಿಗೆ ಒಯ್ದೆ. ಪಾಟಾ ಎಂದರೆ ಹಿಂದಿನ ಅಚ್ಚಿನ ಮೇಲಿನ ಕಮಾನು ಪಟ್ಟಿಗಳು; ಮಕ್ಕಳಿಗೆ ತಿಳಿಯಲೆಂದು ಹೇಳಿದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಮನುಷ್ಯ. ಅರ್ಧ ಗಂಟೆ ಕಾರಿನ ಕೆಳಗಿದ್ದು ಎದ್ದು ಬಂದು, “ಮಾಸ್ತರ್ರ, ಇದಕ್ಕ ಹೊಸಾದೇನೂ ಬ್ಯಾಡ್ರಿ. ಮೊದಲ ಇದ್ದದ್ದು ತರ್ರಿ, ಸವದದ್ದಷ್ಟ ತಗದ ಹಾಕೂಣು” ಎಂದರು. ಕತ್ತರಿಸದ ಸ್ಪ್ರಿಂಗುಗಳ ಜೋಡಿಯೊಂದು ಹುಬ್ಬಳ್ಳಿಯ ಹಳೆಯ ಸಾಮಾನಿನಂಗಡಿಯಲ್ಲಿ ದೊರೆಯಿತು. ಬುಶ್ಶು, ಕಿಂಗ್ ಪಿನ್ ಹೊಸದಾದವು. ಪಾಟಾಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಕುಗ್ಗಿದ್ದವಕ್ಕೆ ಮರಳಿ ಕಮಾನು ಕೊಟ್ಟು, ನಡುವೆ ಗ್ರೀಸು ಸವರಿ ಜೋಡಿಸಿದರು. ಒಂದರಲ್ಲಿ ಕೂದಲೆಳೆಯ ಬಿರುಕಿತ್ತು. ಅದನ್ನು ನನಗೆ ತೋರಿಸಿ, ಏನೂ ಹೇಳದೆ, ಗುಜರಿಯ ಡಬ್ಬಿಗೆ ಎಸೆದರು. ನಿಜವಾದ ಸುಧಾರಣೆಯೆಂದು ಅವರು ಒಪ್ಪಿದ್ದು ಎರಡನ್ನು ಮಾತ್ರ: ಕಾರಿನ ತೂಕಕ್ಕೆ ತಕ್ಕ ಗ್ಯಾಸ್ ತುಂಬಿದ ಶಾಕಪ್‌ಗಳು, ಹದಿನಾಲ್ಕು ಇಂಚಿನದೇ ರೇಡಿಯಲ್ ಟೈರುಗಳು. ಆ ಗ್ಯಾಸು ಸಾರಜನಕ. ಒತ್ತಡದಲ್ಲಿರುವ ಅದು ಕೆಟ್ಟ ರಸ್ತೆಯಲ್ಲಿ ಎಣ್ಣೆ ನೊರೆಯಾಗದಂತೆ ನೋಡಿಕೊಳ್ಳುತ್ತದೆ. ನೊರೆಯಾದ ಎಣ್ಣೆ ಶಾಕಪ್‌ನ ಸಣ್ಣ ರಂಧ್ರಗಳಲ್ಲಿ ನುಸುಳುವಾಗ ಅಂಕೆ ತಪ್ಪುತ್ತದೆ. ನನ್ನ ಪತ್ನಿ ತಿಂಗಳ ನಂತರ ಮತ್ತೆ ಕಾರು ಹತ್ತಿದಳು.

ಆದ್ದರಿಂದ ‘ಸರ್ ಹಳೇ ಕಾಲದವರು, ಬದಲಾವಣೆ ಎಂದರೆ ಆಗದು’ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಅಂಬಾಸಡರಿನ ಆರಂಭದ ಮಾದರಿಗಳಲ್ಲಿ ಸನ್ನೆತೋಳಿನ ಶಾಕಪ್‌ಗಳಿದ್ದವು. ಹಿಡಿಯುವ ಎಣ್ಣೆ ಸ್ವಲ್ಪ, ಬೇಗ ಬಿಸಿಯಾಗಿ ಸೋಲುವಂಥವು. ಅವುಗಳ ಬದಲು ಕೊಳವೆಯಾಕಾರದ ಶಾಕಪ್ ಹಾಕಿಸಿಕೊಂಡವನು ಬುದ್ಧಿವಂತ. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಉದಾಹರಣೆ ಇನ್ನೂ ದೊಡ್ಡದು. ಅದರ ಹಿಂದಿನ ಅಚ್ಚು ಎರಡು ತುಂಡಾಗಿ, ಅಡ್ಡಲಾಗಿ ಕೂರಿಸಿದ ಒಂದೇ ಪಾಟಾಕ್ಕೆ ತೂಗಿಕೊಂಡಿತ್ತು. ರಭಸದ ತಿರುವಿನಲ್ಲಿ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳುವ ಅಪಾಯ ಆ ರಚನೆಯಲ್ಲಿಯೇ ಇತ್ತು. 1972ರಲ್ಲಿ ಅದೇ ಕಂಪನಿ ಗೆಜೆಲ್ ಎಂಬ ಹೊಸ ರೂಪ ತಂದಾಗ ಇಡಿಯ ಅಚ್ಚನ್ನು ಬಳಸಿತು. ನಮ್ಮ ರಸ್ತೆಗಳಿಗಾಗಿ, ಲೆಕ್ಕ ಮಾಡಿ, ಇಡೀ ವ್ಯವಸ್ಥೆಯನ್ನು ಬದಲಿಸಿದರು. ಅಂಥದ್ದಕ್ಕೆ ಬೇಕಾದರೆ ಅಪ್‌ಗ್ರೇಡ್ ಎನ್ನಿ.

ಎದುರು ಪಂಗಡದವರ ಮೇಲೂ ನನಗೆ ಸಿಟ್ಟಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಿತು: ಮೊದಲ ನೋಂದಣಿಯಾಗಿ 50 ವರ್ಷ ಮೀರಿ, ಮೂಲ ರೂಪದಲ್ಲಿ ಉಳಿದು, ಚಾಸಿ, ಒಡಲು, ಎಂಜಿನ್ನುಗಳಲ್ಲಿ ಹೆಚ್ಚಿನ ಮಾರ್ಪಾಡಿಲ್ಲದ ವಾಹನಗಳಿಗೆ ಪ್ರತ್ಯೇಕ ನೋಂದಣಿ. ಒಳ್ಳೆಯದೇ. ಆದರೆ ಆ ‘ಮೂಲ ರೂಪ’ ಎಂಬ ಮಾತನ್ನು ಹಿಡಿದುಕೊಂಡು, ಬಿರುಕು ಬಿಟ್ಟ ಪಾಟಾವನ್ನೂ ಕಲ್ಲಾದ ರಬ್ಬರನ್ನೂ ‘ಒರಿಜಿನಲ್’ ಎಂದು ಪೂಜಿಸುವವರುಂಟು. ಕಾರ್ಖಾನೆಯಿಂದ ಹೊರಬಂದ ದಿನ ಆ ರಬ್ಬರು ಮೆತ್ತಗಿತ್ತು ಸ್ವಾಮಿ! ಕಲ್ಲಾದ ರಬ್ಬರು ಮೂಲ ರೂಪವಾದೀತು ಹೇಗೆ?

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮು ತಯಾರಕರ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ‘ಸ್ಪ್ರಿಂಗಿಗೆ ಎಷ್ಟು ಸುತ್ತು ಎಂದು ಆರ್‌.ಸಿ. ಪುಸ್ತಕದಲ್ಲಿ ಬರೆದಿಲ್ಲವಲ್ಲ ಸರ್’ ಎಂದು ಒಬ್ಬ ಜಾಣ ಆಗಲೇ ವಾದಿಸಿದ್ದಾನೆ. ಬರೆದಿಲ್ಲ, ಹೌದು. ಪರೀಕ್ಷೆಯಲ್ಲಿ ಮೇಲ್ವಿಚಾರಕ ಆ ಕಡೆ ತಿರುಗಿದಾಗ ನಕಲು ಮಾಡಿದವನೂ ನನಗೆ ಇದೇ ಧಾಟಿಯ ಉತ್ತರ ಕೊಟ್ಟಿದ್ದ.

ಪದ್ಮಿನಿಯ ತಯಾರಿಕೆ ನಿಂತು ಕಾಲು ಶತಮಾನವಾಯಿತು. ಅಂಬಾಸಡರು 2014ರಲ್ಲಿ ನಿಂತಿತು. ಮುಂಬಯಿಯ ಬೀದಿಗಳಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಮರೆಯಾಯಿತು. ಕತ್ತರಿಸಿದ ಪ್ರತಿಯೊಂದು ಜೋಡಿ ಸ್ಪ್ರಿಂಗು ಮತ್ತೆ ಹುಟ್ಟುವುದಿಲ್ಲ. ಹಳೆಯ ಸಾಮಾನಿನಂಗಡಿಗಳಲ್ಲಿ ಉಳಿದವನ್ನೇ ನಾವು ಹಂಚಿಕೊಂಡು ಬಾಳಬೇಕು. ನಾಲ್ಕು ಜನ ಯುವಕರು ಅವುಗಳಿಗೂ ಗ್ಯಾಸ್ ಕಟ್ಟರು ಹಿಡಿದರೆ ಉಳಿದವರು ಏನು ಮಾಡಬೇಕು?

ಈಗ ನಿನಗೆ, ನನ್ನ ಶಿಷ್ಯನಿಗೆ. ನಿನ್ನ ತಂದೆಯವರು ಆ ಕಾರಿನಲ್ಲಿ ನಿನ್ನನ್ನು ಶಾಲೆಗೆ ಬಿಡಲು ಬರುತ್ತಿದ್ದದ್ದನ್ನು ನಾನು ಕಂಡಿದ್ದೇನೆ. ಗೇಟಿನ ಬಳಿಯ ಚರಂಡಿಯನ್ನು ಎಷ್ಟು ಮೆಲ್ಲಗೆ ದಾಟಿಸುತ್ತಿದ್ದರು! ಅಂದು ಸಭೆ ಮುಗಿದ ಮೇಲೆ ನಿನ್ನ ತಾಯಿಯವರು ಅದೇ ಕಾರಿನ ಬಾಗಿಲು ಹಿಡಿದು, ಬಗ್ಗಿ, ಹಿಂದಿನ ಸೀಟಿಗೆ ಇಳಿಯಲು ಪಟ್ಟ ಕಷ್ಟವನ್ನೂ ಕಂಡೆ. ನೀನು ಆಗ ಫೋಟೋ ತೆಗೆಸಿಕೊಳ್ಳುತ್ತಿದ್ದೆ. ಅವರನ್ನು ಒಮ್ಮೆ ಕೇಳು, ಕಾರು ಹೇಗಿದೆ ಎಂದು. ಮಗನಿಗೆ ಬೇಸರವಾಗಬಾರದೆಂದು ‘ಚಲೋ ಐತಿ’ ಎಂದಾರು; ಎರಡನೆಯ ಸಲ ಕೇಳು.

ಹುಬ್ಬಳ್ಳಿಯ ಆ ಅಂಗಡಿಯಲ್ಲಿ ಅಂದು ನಾನು ಎರಡು ಜೋಡಿ ಕೊಂಡಿದ್ದೆ. ಎರಡನೆಯದು ಎಣ್ಣೆ ಸವರಿದ ಗೋಣಿಚೀಲದಲ್ಲಿ ಅಟ್ಟದ ಮೇಲಿದೆ, ಯಾರೂ ಮುಟ್ಟಿಲ್ಲ. ಪಾಟಾ ಕೆಲಸದ ಹಿರಿಯರು ಇನ್ನೂ ಗಟ್ಟಿಯಾಗಿದ್ದಾರೆ, ನಿನ್ನ ಘಟಕದಿಂದ ನಾಲ್ಕನೆಯ ಶೆಡ್ಡು. ಬರುವ ಭಾನುವಾರ ಹತ್ತು ಗಂಟೆಗೆ ಬಾ, ಉಪಾಹಾರಕ್ಕೆ ಅವಲಕ್ಕಿ ಇರುತ್ತದೆ. ದುಡ್ಡಿನ ಮಾತು ಎತ್ತಬೇಡ. ನಮ್ಮ ಓಣಿಯ ತಿರುವಿನಲ್ಲಿ ಹೊಸ ಹಂಪ್ ಹಾಕಿದ್ದಾರೆ, ನಿನ್ನ ಕಾರು ಅದನ್ನು ದಾಟಲಾರದು. ಮೂಲೆಯಲ್ಲಿ ನಿಲ್ಲಿಸಿ ನಡೆದು ಬಾ.